ಸುವರ್ಣ ಅನುಪಾತ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನನ್ನದು ಪ್ರಿಂಟಿಂಗ್ ಮತ್ತು ಡಿಸೈನ್ ಕೆಲಸ. ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಹಾಗಾಗಿ 1.618 ಎಂಬ ಸಂಖ್ಯೆ ಎರಡು ಬಾಗಿಲಿನಿಂದಲೂ ನನ್ನ ಹತ್ತಿರ ಬರುತ್ತದೆ. ಲೋಗೋ ಮಾಡಿಸಲು ಬಂದವರು ಕೇಳುತ್ತಾರೆ, ವಿಡಿಯೋ ನೋಡಿದ ಮಕ್ಕಳು ಕೇಳುತ್ತಾರೆ. ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಲೆಕ್ಕದಲ್ಲಿ ಈ ಸಂಖ್ಯೆ ಗಟ್ಟಿ, ಗಿಡಮರಗಳಲ್ಲಿ ಇದಕ್ಕೆ ಕಾರಣ ಇದೆ, ಉಳಿದ ಕಡೆ ಸ್ಕೇಲು ಹಿಡಿದು ನೋಡಿದ ಮೇಲೆ ನಂಬಿ.

ಸುವರ್ಣ ಅನುಪಾತ ಅಂದ್ರೆ ಏನು?

ಒಂದು ದಾರವನ್ನು ಎರಡು ತುಂಡು ಮಾಡಿ, ಒಂದು ದೊಡ್ಡದು, ಒಂದು ಚಿಕ್ಕದು. ಇಡೀ ದಾರ ದೊಡ್ಡ ತುಂಡಿನ ಎಷ್ಟು ಪಟ್ಟು ಇದೆಯೋ, ದೊಡ್ಡ ತುಂಡು ಚಿಕ್ಕದರ ಅಷ್ಟೇ ಪಟ್ಟು ಇರಬೇಕು. ಹಾಗೆ ಕತ್ತರಿಸಲು ಒಂದೇ ಜಾಗ ಸಿಗುತ್ತದೆ. ದಾರ 100 ಸೆಂ.ಮೀ. ಇದ್ದರೆ ದೊಡ್ಡದು ಹೆಚ್ಚುಕಡಿಮೆ 61.8, ಚಿಕ್ಕದು 38.2. ಭಾಗಿಸಿದರೆ 1.618 ಬರುತ್ತದೆ. ಇದಕ್ಕೆ ಫೈ ಎಂಬ ಗ್ರೀಕ್ ಅಕ್ಷರವನ್ನು ಹೆಸರಾಗಿ ಇಟ್ಟಿದ್ದಾರೆ. ಪೈ ಬೇರೆ, ಫೈ ಬೇರೆ. ಪೈ ಅಂದ್ರೆ 3.14, ವೃತ್ತದ್ದು.

ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಈ ಕತ್ತರಿಸುವಿಕೆಯನ್ನು ಬರೆದಿಟ್ಟ. ಅವನು ಅದರಲ್ಲಿ ಸೌಂದರ್ಯದ ಮಾತನ್ನೇ ಎತ್ತಲಿಲ್ಲ. ಪಂಚಭುಜ ಎಳೆಯಲು ಬೇಕಿತ್ತು, ಅಷ್ಟೇ.

1.618 ಎಲ್ಲಿಂದ ಬಂತು? ಯಾರೋ ಇಟ್ಟ ಸಂಖ್ಯೆನಾ?

ಯಾರೂ ಇಟ್ಟಿದ್ದಲ್ಲ, ಲೆಕ್ಕ ಮಾಡಿದರೆ ತಾನಾಗಿ ಬರುತ್ತದೆ. ಚಿಕ್ಕ ತುಂಡು 1, ದೊಡ್ಡದು ಫೈ ಎಂದಿಟ್ಟುಕೊಳ್ಳಿ. ಇಡೀ ದಾರ ಫೈ + 1. ಮೇಲಿನ ಷರತ್ತು ಹಾಕಿದರೆ ಫೈ × ಫೈ = ಫೈ + 1 ಎಂದಾಗುತ್ತದೆ. ಹತ್ತನೇ ಕ್ಲಾಸಿನ ವರ್ಗ ಸಮೀಕರಣದ ಸೂತ್ರ ಹಾಕಿ. ಉತ್ತರ (1 + √5) ÷ 2, ಅಂದ್ರೆ 1.6180339887... ಅದೇ ಕ್ಲಾಸಿನಲ್ಲಿ √5 ಅಭಾಗಲಬ್ಧ ಎಂದು ಸಾಧಿಸುವ ಲೆಕ್ಕವೂ ಬರುತ್ತದೆ ಅಲ್ವಾ? ಆ ಕಾರಣಕ್ಕೇ ಫೈ ದಶಮಾಂಶಕ್ಕೆ ಕೊನೆ ಇಲ್ಲ, ಒಂದೇ ಅಂಕಿಗಳು ಸರದಿಯಲ್ಲಿ ಮರಳಿ ಬರುವುದೂ ಇಲ್ಲ.

ಮಕ್ಕಳಿಗೆ ಇಷ್ಟವಾಗುವುದು ಬೇರೆಯೇ. 1.618ನ್ನು ಅದರಿಂದಲೇ ಗುಣಿಸಿದರೆ 2.618. 1ನ್ನು ಅದರಿಂದ ಭಾಗಿಸಿದರೆ 0.618. ಬಿಂದುವಿನ ಆಚೆಯ ಅಂಕಿಗಳು ಮೂರರಲ್ಲೂ ಒಂದೇ.

ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ತೋರಿಸಬಹುದಾ?

ಸುಲಭ. 1ರಿಂದ ಶುರು ಮಾಡಿ. ಬಂದ ಸಂಖ್ಯೆಯಿಂದ 1ನ್ನು ಭಾಗಿಸಿ, ಉತ್ತರಕ್ಕೆ 1 ಕೂಡಿ. ಮತ್ತೆ ಅದನ್ನೇ ಮಾಡಿ. 2, 1.5, 1.667, 1.6, 1.625, 1.615... ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡುತ್ತಾ 1.618ಕ್ಕೆ ಬಂದು ಕೂರುತ್ತದೆ. 1ರ ಬದಲು 500ರಿಂದ ಶುರು ಮಾಡಿದರೂ ಅಲ್ಲಿಗೇ ಬರುತ್ತದೆ.

ಫಿಬೊನಾಚಿ ಸಂಖ್ಯೆ, ಸುವರ್ಣ ಅನುಪಾತ ಎರಡೂ ಒಂದೇನಾ?

ಒಂದೇ ಅಲ್ಲ, ಒಂದೇ ಮನೆಯವು. 1, 1, 2, 3, 5, 8, 13, 21, 34, 55, 89... ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಅಕ್ಕಪಕ್ಕದ ಎರಡನ್ನು ಭಾಗಿಸುತ್ತಾ ಹೋದರೆ ಫೈಗೆ ಹತ್ತಿರ ಹತ್ತಿರ ಬರುತ್ತೀರಿ. ಆದರೆ ಇದರಲ್ಲಿ 1, 1ರ ಹೆಚ್ಚುಗಾರಿಕೆ ಏನೂ ಇಲ್ಲ. ಸುಮ್ನೆ 7 ಮತ್ತು 2 ತಗೊಳ್ಳಿ: 7, 2, 9, 11, 20, 31, 51, 82, 133, 215, 348. 348ನ್ನು 215ರಿಂದ ಭಾಗಿಸಿ. 1.6186. ಅಂದ್ರೆ ಗುಟ್ಟು ಇರುವುದು ಕೂಡುವ ನಿಯಮದಲ್ಲಿ, ಶುರುವಿನ ಸಂಖ್ಯೆಯಲ್ಲಲ್ಲ.

ಇದನ್ನು ಮೊದಲು ಕಂಡುಹಿಡಿದವರು ನಮ್ಮವರೇ ಅಂತಾರಲ್ಲ, ನಿಜವಾ?

ಫಿಬೊನಾಚಿ ಸಾಲಿನ ಮಟ್ಟಿಗೆ ನಿಜ. ಅನುಪಾತದ ಮಟ್ಟಿಗೆ ಅದು ಯೂಕ್ಲಿಡನ ಕಡೆಯದು. ಎರಡನ್ನೂ ಬೆರೆಸಬೇಡಿ.

ಇಟಲಿಯ ಫಿಬೊನಾಚಿ 1202ರಲ್ಲಿ ಮೊಲದ ಮರಿಗಳ ಲೆಕ್ಕದಲ್ಲಿ ಈ ಸಾಲು ಬರೆದ. ಅದಕ್ಕೂ ಅರ್ಧ ಶತಮಾನ ಮೊದಲು, 1150ರ ಸುಮಾರಿಗೆ, ಗುಜರಾತಿನ ಜೈನ ಆಚಾರ್ಯ ಹೇಮಚಂದ್ರರು ಇದೇ ಸಾಲನ್ನು ಕೊಟ್ಟಿದ್ದರು. ಅವರಿಗೂ ಹಲವು ಶತಮಾನ ಹಿಂದೆ ವಿರಹಾಂಕ ಹೇಳಿದ್ದ. ಇವರು ಎಣಿಸುತ್ತಿದ್ದದ್ದು ಛಂದಸ್ಸನ್ನು. ಕನ್ನಡ ಪೀರಿಯಡ್ಡಿನಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ತಕ್ಷಣ ಹಿಡಿಯುತ್ತದೆ. ಲಘುವಿಗೆ 1 ಮಾತ್ರೆ, ಗುರುವಿಗೆ 2. ಮೂರು ಮಾತ್ರೆಯ ಗಣ ಎಷ್ಟು ಥರ ಬರಬಹುದು? ಲಘು-ಲಘು-ಲಘು, ಗುರು-ಲಘು, ಲಘು-ಗುರು. ಮೂರು. ನಾಲ್ಕು ಮಾತ್ರೆಗೆ ಐದು. ಐದು ಮಾತ್ರೆಗೆ ಎಂಟು.

ಯಾಕೆ ಹೀಗೆ? ಐದು ಮಾತ್ರೆಯ ಗಣದ ಕೊನೆ ನೋಡಿ. ಕೊನೆಯಲ್ಲಿ ಲಘು ಇದ್ದರೆ ಅದರ ಹಿಂದೆ ನಾಲ್ಕು ಮಾತ್ರೆ ಇದೆ, ಅದಕ್ಕೆ ಐದು ದಾರಿ. ಗುರು ಇದ್ದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ದಾರಿ. ಕೂಡಿದರೆ ಎಂಟು. ಹಿಂದಿನ ಎರಡನ್ನು ಕೂಡುವುದು ಅಂದ್ರೆ ಇದೇ. ನನಗೆ ಮೊಲದ ಲೆಕ್ಕಕ್ಕಿಂತ ಇದು ಎಷ್ಟೋ ಪಾಲು ಚೆಂದ ಕಾಣುತ್ತದೆ. ಮೊಲ ಸಾಯುವುದೇ ಇಲ್ಲ ಅಂತ ಮೊದಲು ಒಪ್ಪಿಕೊಳ್ಳಬೇಕಾದ ಕಷ್ಟ ಇಲ್ಲಿಲ್ಲ.

ಭಾಮಿನಿ ಷಟ್ಪದಿಯಲ್ಲಿ 3, 4, 3, 4 ಮಾತ್ರೆಯ ಗಣಗಳು. ಎಣಿಕೆ ಪ್ರಕಾರ ಅವಕ್ಕೆ 3, 5, 3, 5 ದಾರಿ. ಆದರೆ ಷಟ್ಪದಿಯ ಗಣ ಲಘು-ಗುರುವಿನಿಂದ ಶುರುವಾಗಬಾರದು ಎಂಬ ನಿಯಮ ಇದೆಯಲ್ಲ, ಅದರಿಂದ ಒಂದೊಂದು ಕಡಿಮೆಯಾಗಿ 2, 4, 2, 4 ಉಳಿಯುತ್ತವೆ. ಕುಮಾರವ್ಯಾಸನ ಕಿವಿ ಫಿಬೊನಾಚಿಗೆ ಕಾಯಲಿಲ್ಲ ಅನ್ನಿ.

ಚಿನ್ನಕ್ಕೂ ಇದಕ್ಕೂ ಏನು ಸಂಬಂಧ?

ಏನೂ ಇಲ್ಲ. ಚಿನ್ನದ ಹೆಸರು ಅಚ್ಚಿನಲ್ಲಿ ಬಂದದ್ದು 1835ರಲ್ಲಿ, ಜರ್ಮನಿಯ ಗಣಿತಜ್ಞ ಮಾರ್ಟಿನ್ ಓಮ್ ಪುಸ್ತಕದಲ್ಲಿ. ಚಿನ್ನವೇ ಬೇಕಿದ್ದರೆ ಪಕ್ಕದ ಕೋಲಾರ ಇತ್ತು, ಅಲ್ಲೂ 2001ರಲ್ಲಿ ಗಣಿ ಮುಚ್ಚಿತು.

ಆಕಾರಗಳಲ್ಲಿ ಇದು ನಿಜವಾಗಿ ಎಲ್ಲಿ ಸಿಗುತ್ತದೆ?

ಐದು ಬಾಹುಗಳೂ ಐದು ಕೋನಗಳೂ ಸಮ ಇರುವ ಪಂಚಭುಜದಲ್ಲಿ. ಅದರ ಕರ್ಣವನ್ನು ಬಾಹುವಿನಿಂದ ಭಾಗಿಸಿ, ಸರಿಯಾಗಿ ಫೈ ಬರುತ್ತದೆ. ಐದೂ ಕರ್ಣ ಎಳೆದರೆ ಐದು ಮೂಲೆಯ ನಕ್ಷತ್ರ. ಅದರಲ್ಲಿ ಒಂದು ಗೆರೆ ಇನ್ನೊಂದನ್ನು ಕತ್ತರಿಸುವ ಜಾಗವೂ ಅದೇ ಅನುಪಾತದಲ್ಲಿರುತ್ತದೆ. ನಡುವೆ ಇನ್ನೊಂದು ಪಂಚಭುಜ ಉಳಿಯುತ್ತದೆ, ಅದರೊಳಗೆ ಮತ್ತೆ ನಕ್ಷತ್ರ.

ಇಲ್ಲಿ ರಂಗೋಲಿಯ ಒಂದು ಮಾತು ಹೇಳಲೇಬೇಕು. ಚುಕ್ಕಿ ರಂಗೋಲಿಯಲ್ಲಿ ನಾಲ್ಕು, ಆರು, ಎಂಟು ಮೂಲೆಯ ಹೂಗಳು ಧಾರಾಳ. ಸರಿಯಾದ ಪಂಚಭುಜ ಮಾತ್ರ ಸಿಗುವುದಿಲ್ಲ. ಚುಕ್ಕಿಗಳನ್ನು ನೇರ ಸಾಲಾಗಿ ಇಟ್ಟರೂ ಅಷ್ಟೇ, ಎರಡು ಚುಕ್ಕಿಯ ನಡುವೆ ಇನ್ನೊಂದು ಬರುವಂತೆ ಇಟ್ಟರೂ ಅಷ್ಟೇ. ಐದೂ ಮೂಲೆ ಚುಕ್ಕಿಯ ಮೇಲೇ ಬರುವಂತೆ ಸಮ ಪಂಚಭುಜ ಎಳೆಯಲು ಯಾರಿಂದಲೂ ಆಗುವುದಿಲ್ಲ, ಸಾವಿರ ಚುಕ್ಕಿ ಇಟ್ಟರೂ. ಇದು ಗಣಿತದಲ್ಲಿ ಸಾಧಿಸಿದ ಮಾತು, ಅಡ್ಡ ಬರುವುದು ಅದೇ √5. ಅಂಗಳದಲ್ಲಿ ಐದು ಮೂಲೆಯ ನಕ್ಷತ್ರ ಬೇಕಾದಾಗ ಹೆಂಗಸರು ಚುಕ್ಕಿ ಬಿಟ್ಟು ಕೈಯಲ್ಲೇ ಒಂದೇ ಎಳೆಯಲ್ಲಿ ಎಳೆದುಬಿಡುತ್ತಾರೆ, ನೋಡಿರುತ್ತೀರಿ.

ಪಿಯುಸಿ ಮಕ್ಕಳಿಗೆ ಇನ್ನೊಂದು: ಕಾಸ್ 36 ಡಿಗ್ರಿಯ ಎರಡರಷ್ಟು ಎಂದರೆ ಫೈ. ಅದೂ ಪಂಚಭುಜದ್ದೇ ಮಗು.

ತೆಂಗಿನ ಮರದಲ್ಲಿ ಇದೆ ಅಂತಾರೆ, ಎಲ್ಲಿ?

ಗರಿಗಳ ಜೋಡಣೆಯಲ್ಲಿ. ತಿಪಟೂರಿನ ಕಡೆ ಯಾವ ತೋಟಕ್ಕೆ ಹೋದರೂ ನೋಡಬಹುದು, ಆದರೆ ಎತ್ತರದ ಮರ ಬೇಡ, ಕೈಗೆ ಸಿಗುವ ಎಳೆಯ ಮರ ಆರಿಸಿಕೊಳ್ಳಿ. ಸುಳಿಯಿಂದ ಗರಿಗಳು ಒಂದಾದ ಮೇಲೊಂದು ಬರುತ್ತವೆ. ಒಂದು ಗರಿಗೂ ಅದರ ಮುಂದಿನ ಗರಿಗೂ ನಡುವೆ ಸುಮಾರು 140 ಡಿಗ್ರಿ ತಿರುವು ಇರುತ್ತದೆ. ಇಡೀ ಸುತ್ತಿನ 360 ಡಿಗ್ರಿಯನ್ನು ಫೈ ಅನುಪಾತದಲ್ಲಿ ಎರಡು ಪಾಲು ಮಾಡಿದರೆ ಚಿಕ್ಕ ಪಾಲು 137.5 ಡಿಗ್ರಿ. ಇದನ್ನೇ ಸುವರ್ಣ ಕೋನ ಅನ್ನುವುದು. ಮರಕ್ಕೆ ಕೋನಮಾಪಕ ಇಲ್ಲ, ಎರಡು ಮೂರು ಡಿಗ್ರಿ ಆಚೀಚೆ ಆಗುತ್ತದೆ.

ಈಗ 137.5ನ್ನು ಎಣಿಸುತ್ತಾ ಹೋಗಿ. ಐದು ಗರಿ ಮುಂದೆ ಹೋದರೆ ಎರಡು ಸುತ್ತಿಗೆ 32 ಡಿಗ್ರಿ ಕಡಿಮೆ. ಎಂಟು ಗರಿ ಹೋದರೆ ಮೂರು ಸುತ್ತು ಮುಗಿದು 20 ಡಿಗ್ರಿ ಜಾಸ್ತಿ. ಹದಿಮೂರು ಹೋದರೆ ಐದು ಸುತ್ತಿಗೆ 12 ಡಿಗ್ರಿ ಕಡಿಮೆ. ಅಂದ್ರೆ ಯಾವುದೇ ಗರಿಯ ಹತ್ತಿರದ ನೆಂಟರು ಅದಕ್ಕಿಂತ 5, 8, 13 ಗರಿ ಆಚೆ ಇರುವವು. ಅದೂ ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ನಮ್ಮ ಕಣ್ಣು ಹತ್ತಿರದ ನೆಂಟರನ್ನು ಸೇರಿಸಿ ಸುರುಳಿ ಕಾಣುತ್ತದೆ. ಹಾಗಾಗಿಯೇ ಒಂದು ದಿಕ್ಕಿಗೆ ಐದು ಸುರುಳಿ, ಎದುರು ದಿಕ್ಕಿಗೆ ಎಂಟು. ಗಿಡಕ್ಕೆ ಫಿಬೊನಾಚಿ ಗೊತ್ತಿಲ್ಲ. ಕೋನ ಒಂದನ್ನು ಹಿಡಿದುಕೊಂಡರೆ ಸಂಖ್ಯೆಗಳು ತಾವಾಗಿ ಉದುರುತ್ತವೆ.

ಇನ್ನೊಂದು ಗಮನಿಸಿ. ಕೆಲವು ಮರ ಎಡಸುತ್ತು, ಕೆಲವು ಬಲಸುತ್ತು. ಒಂದೇ ತೋಟದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ ಇರುತ್ತವೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದ ಟಿ. ಎ. ಡೇವಿಸ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ತಾಯಿಮರದ ಸುತ್ತು ನೋಡಿ ಸಸಿಯದು ಹೇಳಲು ಆಗುವುದಿಲ್ಲ.

ತೋಟ ಇಲ್ಲದವರು ಅಂತರಸನಹಳ್ಳಿ ಮಾರ್ಕೆಟ್ಟಿನಿಂದ ಒಂದು ಅನಾನಸ್ ತನ್ನಿ. ಒಂದು ಕಣ್ಣಿನಿಂದ ಶುರು ಮಾಡಿ ಓರೆಯಾಗಿ ಮೇಲೆ ಹೋಗುವ ಸಾಲಿಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ. ಪಕ್ಕದ ಸಾಲಿಗೆ ಬೇರೆ ಬಣ್ಣ. ಸುತ್ತಿ ಬಂದರೆ ಒಂದು ಕಡೆಗೆ 8, ಇನ್ನೊಂದು ಕಡೆಗೆ 13 ಬರುವುದೇ ಹೆಚ್ಚು. ಗುರುತು ಹಾಕದೆ ಎಣಿಸಿದರೆ ಖಂಡಿತ ತಪ್ಪುತ್ತೀರಿ.

ಗಿಡ ಯಾಕೆ ಹೀಗೆ ಮಾಡುತ್ತದೆ? ಬಿಸಿಲಿಗಾ?

ಎಲೆ ಎಲೆಯ ಮೇಲೆ ನೆರಳು ಬೀಳದಿರುವ ಲಾಭ ಇರಬಹುದು. ಆದರೆ ನಡೆಯುವ ರೀತಿ ಬೇರೆ. ಸುಳಿಯ ತುದಿಯಲ್ಲಿ ಹೊಸ ಮೊಗ್ಗು ಮೂಡುವಾಗ, ಆಗಲೇ ಮೂಡಿರುವ ಮೊಗ್ಗುಗಳು ಸುತ್ತಲಿನ ಆಕ್ಸಿನ್ ಎಂಬ ಬೆಳವಣಿಗೆಯ ರಸವನ್ನು ಎಳೆದುಕೊಂಡಿರುತ್ತವೆ. ಹೊಸದಕ್ಕೆ ಸಿಗುವುದು ಅವುಗಳಿಂದ ಆದಷ್ಟು ದೂರದ ಜಾಗ. ಈ ಒಂದೇ ನಿಯಮ ಸಾಕು. 1992ರಲ್ಲಿ ಫ್ರಾನ್ಸಿನ ಡೂಆಡಿ ಮತ್ತು ಕೂಡೆ ಎಂಬ ಇಬ್ಬರು ಗಿಡವೇ ಇಲ್ಲದೆ ಇದನ್ನು ತೋರಿಸಿದರು. ಒಂದನ್ನೊಂದು ದೂರ ತಳ್ಳುವ ಕಾಂತೀಯ ದ್ರವದ ಹನಿಗಳನ್ನು ಎಣ್ಣೆಯ ತಟ್ಟೆಯ ನಡುವೆ ಒಂದೊಂದಾಗಿ ಬಿಟ್ಟರು. ಹನಿಗಳು ತಾವೇ ಸುರುಳಿಯಾಗಿ ನಿಂತವು, ಸುವರ್ಣ ಕೋನದ ಹತ್ತಿರ.

ಬೇರೆ ಕೋನ ಯಾಕಾಗದು? ಅರ್ಧ ಸುತ್ತಿಗೊಂದು ಎಲೆ ಬಂದರೆ ಎರಡೇ ಸಾಲು. ಮೂರನೇ ಒಂದು ಸುತ್ತಾದರೆ ಮೂರು ಸಾಲು. ಯಾವ ಸರಳ ಭಿನ್ನರಾಶಿ ತಗೊಂಡರೂ ಸಾಲು ಕಟ್ಟಿಕೊಂಡು ನಡುವೆ ಖಾಲಿ ಉಳಿಯುತ್ತದೆ. ಭಿನ್ನರಾಶಿಗಳ ಹತ್ತಿರ ಹೋಗಲು ಎಲ್ಲಕ್ಕಿಂತ ಜಾಸ್ತಿ ಹಟ ಮಾಡುವ ಸಂಖ್ಯೆ ಫೈ. ಸೂರ್ಯಕಾಂತಿಯ ಬೀಜಗಳು ಸಂದಿಲ್ಲದೆ ತುಂಬುವುದು ಆ ಹಟದಿಂದ.

ಎಲ್ಲಾ ಹೂವಿನ ದಳಗಳೂ ಫಿಬೊನಾಚಿ ಸಂಖ್ಯೆಯೇ?

ಅಲ್ಲ. ದಾಸವಾಳ, ಬೇವು, ಒಂಟಿ ಸುತ್ತಿನ ನಂದಿಬಟ್ಟಲು ಐದು ದಳದವು, ಸರಿ. ಸಾಸಿವೆ ಹೂವಿಗೆ ನಾಲ್ಕು. ಕೇಪಳಕ್ಕೂ ನಾಲ್ಕು. ವಿಡಿಯೋದವರು ಇವನ್ನು ತೋರಿಸುವುದಿಲ್ಲ. ಸೂರ್ಯಕಾಂತಿಯಲ್ಲೂ ಅಪವಾದ ಇದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಜನರೇ ಬೆಳೆಸಿ ಎಣಿಸಿ ಕಳಿಸಿದ ನೂರಾರು ಸೂರ್ಯಕಾಂತಿಗಳಲ್ಲಿ, ನಾಲ್ಕು ಎಣಿಕೆಯಲ್ಲಿ ಸುಮಾರು ಮೂರು ಫಿಬೊನಾಚಿ ಸಂಖ್ಯೆಗೆ ಸರಿ ಹೊಂದಿದವು. ಉಳಿದವು ಇಲ್ಲ.

ಶಂಖದ ಸುರುಳಿ?

ಚಿತ್ರಗಳಲ್ಲಿ ತೋರಿಸುವ ನಾಟಿಲಸ್ ಎಂಬ ಸಮುದ್ರಜೀವಿಯ ಚಿಪ್ಪು ಒಂದು ಸುತ್ತಿಗೆ ಸುಮಾರು ಮೂರು ಪಟ್ಟು ದೊಡ್ಡದಾಗುತ್ತದೆ. ಸುವರ್ಣ ಸುರುಳಿ ಅಂದ್ರೆ ಪ್ರತಿ ಕಾಲು ಸುತ್ತಿಗೆ ಫೈ ಪಟ್ಟು ಬೆಳೆಯುವುದು, ಅದು ಒಂದು ಸುತ್ತಿಗೆ 6.85 ಪಟ್ಟು ಆಗಬೇಕು. ಎರಡೂ ಬೇರೆ.

ಕೈದಾಳದ ಶಿಲ್ಪಿಗಳು ಸುವರ್ಣ ಅನುಪಾತ ಬಳಸಿದ್ದರಾ? ಪಿರಮಿಡ್ಡಿನಲ್ಲಿ ಇದೆಯಂತೆ?

ಕೈದಾಳದ ಚೆನ್ನಕೇಶವ ನಮ್ಮೂರಿಗೆ ಕೂಗಳತೆ ದೂರ, ಜಕಣಾಚಾರಿ ಕಥೆ ಇರುವ ಊರು. ಹಾಗಾಗಿ ಇದು ಕೇಳದ ವಾರವಿಲ್ಲ. ನಮ್ಮ ಶಿಲ್ಪಶಾಸ್ತ್ರದ ಅಳತೆ ತಾಳ. ಮುಖದ ಉದ್ದ ಒಂದು ತಾಳ, ಅದಕ್ಕೆ 12 ಅಂಗುಲ. ಮೂರ್ತಿ ನವತಾಳವೋ ದಶತಾಳವೋ ಎಂದು ನಿರ್ಧರಿಸಿ ಅದರ ಪ್ರಕಾರ ಕಟ್ಟುವುದು. ಎಲ್ಲವೂ ಪೂರ್ಣ ಸಂಖ್ಯೆಗಳ ವ್ಯವಹಾರ. ಹೊಯ್ಸಳರ ನಕ್ಷತ್ರಾಕಾರದ ತಳಪಾಯಗಳು ಚೌಕವನ್ನು ತಿರುಗಿಸುತ್ತಾ ಬಂದವು, ಮೂಲೆ ಎಂಟು, ಹದಿನಾರು. ಪಂಚಭುಜಕ್ಕೆ ಅಲ್ಲಿ ಕೆಲಸವಿಲ್ಲ. ಅವರ ಕೈಚಳಕಕ್ಕೆ ಹೊರಗಿನ ಸರ್ಟಿಫಿಕೇಟ್ ಯಾಕೆ ಬೇಕೋ ನನಗೆ ತಿಳಿಯದು.

ಗೀಜಾದ ದೊಡ್ಡ ಪಿರಮಿಡ್ಡಿನಲ್ಲಿ ಇಳಿಜಾರಿನ ಉದ್ದವನ್ನು ತಳದ ಅರ್ಧದಿಂದ ಭಾಗಿಸಿದರೆ 1.618ರ ಹತ್ತಿರ ಬರುವುದು ನಿಜ. ಆದರೆ ಈಜಿಪ್ಟಿನವರು ಇಳಿಜಾರನ್ನು ಅಂಗೈ ಲೆಕ್ಕದಲ್ಲಿ ಹೇಳುತ್ತಿದ್ದರು: 7 ಅಂಗೈ ಎತ್ತರಕ್ಕೆ ಐದೂವರೆ ಅಂಗೈ ಒಳಕ್ಕೆ. ಆ ಸಲೀಸು ಅಳತೆಯಿಂದಲೇ 1.6186 ಬಂದುಬಿಡುತ್ತದೆ. ಅಥೆನ್ಸಿನ ಪಾರ್ಥೆನಾನ್ ತಳ 69.5 ಮೀಟರ್ ಉದ್ದ, 30.9 ಅಗಲ. ಭಾಗಿಸಿದರೆ 2.25, ಅಂದ್ರೆ 9ಕ್ಕೆ 4.

ಮೋನಾಲಿಸಾ, ಸುಂದರ ಮುಖ, ಹೊಕ್ಕುಳಿನ ಎತ್ತರ?

ಲಿಯೊನಾರ್ಡೊ ಡ ವಿಂಚಿ 1509ರಲ್ಲಿ ಅಚ್ಚಾದ ಪಾಚೋಲಿ ಎಂಬ ಗಣಿತಜ್ಞನ ಈ ಅನುಪಾತದ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟಿದ್ದ. ಇಷ್ಟು ಮಾತ್ರ ದಾಖಲೆ. ಮೋನಾಲಿಸಾ ಮೇಲಿನ ಚೌಕಗಳನ್ನು ಎಳೆದವರು ನಂತರದವರು. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂದು ನಾವೇ ಆರಿಸಿಕೊಳ್ಳುವಾಗ ಬೇಕಾದ ಸಂಖ್ಯೆ ಸಿಗದೆ ಏನು? ಮೈಯೆಲ್ಲ ಈ ಅನುಪಾತ ಎಂಬ ವಾದ ಜೋರಾದದ್ದು 1854ರಲ್ಲಿ, ಆಡಾಲ್ಫ್ ಝೈಸಿಂಗ್ ಎಂಬ ಜರ್ಮನ್ ಲೇಖಕನಿಂದ. ಕ್ಲಾಸಿನ ಹತ್ತು ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿಯಿರಿ, ಎತ್ತರವನ್ನು ಹೊಕ್ಕುಳಿನ ಎತ್ತರದಿಂದ ಭಾಗಿಸಿ. ಒಬ್ಬೊಬ್ಬರದು ಒಂದೊಂದು ಬರುತ್ತದೆ.

ಮದುವೆ ಕಾರ್ಡು, ಲೋಗೋ ಇದೇ ಅನುಪಾತದಲ್ಲಿ ಮಾಡಿದರೆ ಚೆನ್ನಾಗಿ ಕಾಣುತ್ತದಾ?

ಚೆನ್ನಾಗಿ ಕಾಣಬಹುದು. 1.5, 1.6, 1.7ರ ನಡುವಿನ ಆಯತಗಳೆಲ್ಲ ಕಣ್ಣಿಗೆ ಹಿತವಾಗಿಯೇ ಇರುತ್ತವೆ. 1.6ಕ್ಕೂ 1.618ಕ್ಕೂ ವ್ಯತ್ಯಾಸ ಹಿಡಿದ ಗಿರಾಕಿ ಇನ್ನೂ ಬಂದಿಲ್ಲ.

ಆದರೆ ಕಾಗದದ ಲೆಕ್ಕ ನೋಡಿ. 20 × 30 ಇಂಚಿನ ಶೀಟು. 5 × 8 ಇಂಚಿನ ಕಾರ್ಡು ಬೇಕು ಅಂತೀರಿ, ಅದು 1.6, ಹತ್ತಿರ ಹತ್ತಿರ ಸುವರ್ಣ. ಒಂದು ಶೀಟಿಗೆ ನೇರವಾಗಿ ಕತ್ತರಿಸಿದರೆ 12 ಕಾರ್ಡು. ಕೊನೆಯ ಪಟ್ಟಿಯಲ್ಲಿ ಅಡ್ಡ ತಿರುಗಿಸಿ ಕೂರಿಸಿದರೆ 14. ಅದೇ 5 × 7.5 ಮಾಡಿಸಿದರೆ 16 ಕಾರ್ಡು, ಒಂದು ಚೂರು ಕಾಗದವೂ ವೇಸ್ಟಿಲ್ಲ. ಸಾವಿರ ಕಾರ್ಡಿಗೆ ನೇರ ಕಟಿಂಗಿನಲ್ಲಿ 84 ಶೀಟು ಬೇಕಾಗುವಲ್ಲಿ 63 ಸಾಕು. ಕಾರ್ಡು ಮಾತ್ರ ಅರ್ಧ ಇಂಚು ಗಿಡ್ಡ. ಹಣ ಕೊಡುವ ಹೆಣ್ಣಿನ ತಂದೆಗೆ ಇದನ್ನು ಹೇಳಿದರೆ ಸುವರ್ಣದ ಆಸೆ ಅಲ್ಲಿಗೇ ಮುಗಿಯುತ್ತದೆ.

ಲೋಗೋ ಮೇಲೆ ಎಳೆಯುವ ವೃತ್ತಗಳೂ ಬಹಳ ಸಲ ಕೆಲಸ ಮುಗಿದ ಮೇಲೆ ಎಳೆದವು. ಗಿರಾಕಿಗೆ ತೋರಿಸಲು ಚೆಂದ. ನಾನು ಈ ಅನುಪಾತವನ್ನು ಬಳಸುವುದು ಒಂದೇ ಕಡೆ: ಅಕ್ಷರದ ಗಾತ್ರಕ್ಕೆ. ಒಳಗಿನ ಬರಹ 10 ಪಾಯಿಂಟ್ ಇದ್ದರೆ ಉಪಶೀರ್ಷಿಕೆ 16, ಶೀರ್ಷಿಕೆ 26. ಕಣ್ಣಿಗೆ ಮೂರು ಮೆಟ್ಟಿಲು ಸ್ಪಷ್ಟವಾಗಿ ಬೇರೆ ಕಾಣುತ್ತವೆ. ಒಂದೂವರೆ ಪಟ್ಟು ಮಾಡಿದರೂ ಹೆಚ್ಚುಕಡಿಮೆ ಅದೇ ಫಲ. ಆದರೆ ಏನಾದರೊಂದು ಅಳತೆ ಹಿಡಿದುಕೊಂಡರೆ ಪ್ರತಿ ಸಲ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಎ4 ಕಾಗದ, ಎಟಿಎಂ ಕಾರ್ಡು ಸುವರ್ಣ ಅನುಪಾತದವಾ?

ಎ4 ಅಲ್ಲ. 297 × 210 ಮಿ.ಮೀ., 1.414. ಅರ್ಧ ಮಡಿಸಿದರೂ ಅದೇ ಆಕಾರ ಉಳಿಯಲಿ ಅಂತ ಮಾಡಿದ್ದು. ಎಟಿಎಂ ಕಾರ್ಡು 1.586, ಹತ್ತಿರ ಇದೆ, ಅದಲ್ಲ. ರಾಷ್ಟ್ರಧ್ವಜ 3ಕ್ಕೆ 2.

ಮನೆ ಕಟ್ಟುವಾಗ?

ಫ್ರಾನ್ಸಿನಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ 1.83 ಮೀಟರ್ ಎತ್ತರದ ಮನುಷ್ಯನನ್ನಿಟ್ಟುಕೊಂಡು ಫೈ ಆಧಾರದ ಅಳತೆ ಪಟ್ಟಿಯನ್ನೇ ಮಾಡಿದ. ಆತನ ಹೊಕ್ಕುಳಿನ ಎತ್ತರ 1.13 ಮೀಟರ್, ಭಾಗಿಸಿ ನೋಡಿ. ಚಂಡೀಗಢದ ಕಟ್ಟಡಗಳಲ್ಲಿ ಅದನ್ನು ಬಳಸಿದ. ನಿಮ್ಮದು 30 × 40 ಸೈಟಾದರೆ ಮೊದಲು ಸುತ್ತ ಬಿಡಬೇಕಾದ ಜಾಗದ ಲೆಕ್ಕ ಮಾಡಿ.

ಮೈಲಿ, ಕಿಲೋಮೀಟರ್ ಲೆಕ್ಕಕ್ಕೆ ಫಿಬೊನಾಚಿ ಬರುತ್ತಂತೆ?

ಬರುತ್ತದೆ, ಕಾಕತಾಳೀಯವಾಗಿ. ಒಂದು ಮೈಲಿ 1.609 ಕಿ.ಮೀ. ಅದಕ್ಕೇ 5 ಮೈಲಿ 8 ಕಿ.ಮೀ., 13 ಮೈಲಿ 21, 34 ಮೈಲಿ 55. ಮೈಲಿಯಲ್ಲಿ ಮಾತಾಡುವ ಅಜ್ಜಂದಿರ ಜೊತೆ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲೇ ಮಕ್ಕಳಿಗೆ ಫೈ ತೋರಿಸಲು ಏನಾದರೂ ಇದೆಯಾ?

ಬಿಲ್ಲಿಂಗ್ ಮಿಷನ್ನಿನ ಕಾಗದದ ರೋಲಿನಿಂದ ಒಂದು ಮೊಳ ಪಟ್ಟಿ ಹರಿದುಕೊಳ್ಳಿ. ದಾರಕ್ಕೆ ಹಾಕುವ ಹಾಗೆ ಅದಕ್ಕೆ ಸಾದಾ ಗಂಟು ಹಾಕಿ. ಬಿಗಿಯಾಗಿ ಎಳೆಯಬೇಡಿ. ಎರಡೂ ತುದಿ ಮೆಲ್ಲಗೆ ಜಗ್ಗುತ್ತಾ ಬೆರಳಿನಲ್ಲಿ ಚಪ್ಪಟೆ ಮಾಡುತ್ತಾ ಬನ್ನಿ, ಅಂಚಿಗೆ ಅಂಚು ಕೂರುವವರೆಗೆ. ಉಳಿದ ಬಾಲಗಳನ್ನು ಕತ್ತರಿಸಿದರೆ ಕೈಯಲ್ಲಿ ಸಮ ಪಂಚಭುಜ. ಕತ್ತರಿಸುವ ಮೊದಲು ಒಂದು ಬಾಲವನ್ನು ಹಿಂದಕ್ಕೆ ಮಡಿಸಿ ಬೆಳಕಿಗೆ ಹಿಡಿದರೆ ಒಳಗೆ ನಕ್ಷತ್ರವೂ ಕಾಣುತ್ತದೆ. ಈಗ ಸ್ಕೇಲಿನಲ್ಲಿ ಬಾಹು ಅಳೆಯಿರಿ, ಕರ್ಣ ಅಳೆಯಿರಿ, ಭಾಗಿಸಿ. ಪಟ್ಟಿ ಅಗಲ ಇದ್ದಷ್ಟೂ ಒಳ್ಳೆಯದು. ತೆಳು ಪಟ್ಟಿಯಾದರೆ ಒಂದು ಮಿ.ಮೀ. ತಪ್ಪಿದರೂ 1.618 ಹೋಗಿ 1.5 ಬಂದುಬಿಡುತ್ತದೆ.